ಅತ್ತೆ ನೇಯ್ದ ಸ್ಕಾರ್ಫಿನ ಎರಡು ತುದಿ

ಮಗ್ಗ ಬಂದ ದಿನ ನಮ್ಮ ಪಡಸಾಲೆಯಲ್ಲಿ ಐದು ಜನ ಇದ್ದೆವು. ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಆಪರೇಷನ್ ಆದ ಬಲಗಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು ನಮ್ಮ ಮಾವ. ನಡುಮನೆಯ ಹೊಸ್ತಿಲ ಹತ್ತಿರ, ಒಳಗೂ ಅಲ್ಲ ಹೊರಗೂ ಅಲ್ಲ ಎನ್ನುವಂತೆ ನಿಂತ ಅತ್ತೆ. ಬಾದಾಮಿಯಿಂದ ಎರಡು ದಿನದ ಮಟ್ಟಿಗೆ ಬಂದಿದ್ದ ನನ್ನ ಅವ್ವ. ನೆಲದ ತುಂಬ ಕಟ್ಟಿಗೆ ಹರವಿಕೊಂಡು ಕೂತ ಬಡಿಗ. ಹುನಗುಂದದ ಆಫೀಸಿಗೆ ರಜೆ ಹಾಕಿ, ಹಾಕಿದ ಮೇಲೆ ಮಾಡಲು ಏನೂ ಕೆಲಸವಿಲ್ಲದೆ ಎಲ್ಲರಿಗೂ ಎರಡೆರಡು ಸಲ ಚಹಾ ಸೋಸಿ ಕೊಡುತ್ತಿದ್ದ ನಾನು.

ಇಳಕಲ್ಲಿನ ನಮ್ಮ ಓಣಿಯಲ್ಲಿ ಮಗ್ಗ ಅಂದರೆ ಕುಣಿಮಗ್ಗ. ಪಡಸಾಲೆಯ ನೆಲದಲ್ಲೇ ಒಂದು ಕುಣಿ ತೋಡಿರುತ್ತಾರೆ. ನೇಕಾರ ಅದರೊಳಗೆ ಕಾಲು ಇಳಿಬಿಟ್ಟು ಕೂಡಬೇಕು, ಹಾಸಿನ ಎಳೆಗಳು, ಎಂದರೆ ಬಟ್ಟೆಯ ಉದ್ದಕ್ಕೆ ಓಡುವ ನೂಲು, ಅವನ ಎದುರಿಗೆ ನೆಲದ ಮಟ್ಟಕ್ಕೆ ಚಾಚಿರಬೇಕು. ಈಗ ಬಡಿಗ ಜೋಡಿಸುತ್ತಿದ್ದುದು ಅಂಥದ್ದಲ್ಲ. ನೆಲದ ಮೇಲೆ ತನ್ನ ನಾಲ್ಕು ಕಾಲಿನಲ್ಲಿ ತಾನೇ ನಿಲ್ಲುವ ಮಗ್ಗ. ಕೂಡುವುದಕ್ಕೆ ಬೆಂಚು, ಕೆಳಗೆ ತುಳಿಯುವುದಕ್ಕೆ ಹಲಗೆಗಳು.

“ಇದೇನಪಾ, ಮಗ್ಗ ತಂದೀಯೋ ಮಂಚ ತಂದೀಯೋ?” ಮಾವ ಕೇಳಿದರು.

“ಮಂಚ ಬೇಕಂದ್ರ ಹಾಸಿಗಿ ನೀವ್ ತರ್ರಿ ಕಾಕಾ. ನಾ ಮಗ್ಗಾನ ತಂದೇನಿ,” ಅಂದ ಬಡಿಗ, ತಲೆ ಎತ್ತದೆ.

“ಇದರ ಮ್ಯಾಲ ಕುಂತವ್ರು ನೇಯ್ತಾರೋ, ಪೇಟಿ ಬಾರಸ್ತಾರೋ?”

“ಬಾರಸಲಿ ಬಿಡ್ರಿ ಬೀಗರ,” ಎಂದಳು ನಮ್ಮ ಅವ್ವ. “ನೀವ್ ಕುಂತು ತಾಳಾ ಹಾಕ್ರಿ. ಕೈ ಹೆಂಗೂ ಖಾಲಿ ಅದಾವ.”

ಎಲ್ಲರೂ ನಕ್ಕೆವು, ಅತ್ತೆಯೊಬ್ಬರನ್ನು ಬಿಟ್ಟು. ಅವರು ಮಗ್ಗದ ಕಾಲುಗಳು ನಿಂತ ಜಾಗವನ್ನೇ ನೋಡುತ್ತಿದ್ದರು. ಮೂರು ತಿಂಗಳ ಹಿಂದಿನವರೆಗೆ ಅಲ್ಲಿ ಮಾವನ ಕುಣಿ ಇತ್ತು. ಬಾಗಲಕೋಟೆಯ ಡಾಕ್ಟರು ಅವರ ಮೊಣಕಾಲು ಕೊಯ್ದು ಸರಿಮಾಡಿ, ಇನ್ನು ಕುಣಿಯಲ್ಲಿ ಇಳಿಯುವುದು ಹತ್ತುವುದು ಸಾಕು ಎಂದು ಹೇಳಿ ಕಳಿಸಿದ್ದರು. ನನ್ನ ಗಂಡ ತಾನು ಕೆಲಸ ಮಾಡುವ ಗ್ರಾನೈಟ್ ಕಾರ್ಖಾನೆಯಿಂದ ಒಡೆದ ಕಲ್ಲಿನ ಚೂರು ತಂದು ಕುಣಿ ತುಂಬಿಸಿ ಮೇಲೆ ಟೈಲ್ಸ್ ಹಾಕಿಸಿದ್ದ. ಆ ದಿನ ಮಾವ ಬೆಳಿಗ್ಗೆಯೇ ಕೋಲೂರಿಕೊಂಡು ಗುಡಿಯ ಕಟ್ಟೆಗೆ ಹೋಗಿ ಕೂತವರು ಊಟದ ಹೊತ್ತಿಗೂ ಬಂದಿರಲಿಲ್ಲ.

ಹಾಗಾಗಿ ಹೊಸ ಮಗ್ಗ ಮಾವನಿಗೇ ಬಂದದ್ದು ಎಂದು ಓಣಿಯವರೆಲ್ಲ ತಿಳಿದಿದ್ದರು. ಅದು ಬಂದದ್ದು ಅತ್ತೆಗೆ.

ನಮ್ಮ ಮನೆಯ ರೀತಿ ಸ್ವಲ್ಪ ಹೇಳಬೇಕು. ಓಣಿಯ ಎಷ್ಟೋ ಮನೆಗಳಲ್ಲಿ ಹೆಂಗಸರು ನೇಯುತ್ತಾರೆ. ನಮ್ಮಲ್ಲಿ ಮಾತ್ರ ಕುಣಿಯಲ್ಲಿ ಕೂಡುವವರು ಗಂಡಸರು. ನೂಲು ಸುತ್ತುವುದು, ಗಂಜಿ ಹಾಕುವುದು, ಲಾಳಿಯ ಕಂಡಿಕೆಗೆ ನೂಲು ತುಂಬುವುದು ಹೆಂಗಸರದು, ಮತ್ತೆ ಎಲ್ಲಕ್ಕೂ ಮೇಲಾಗಿ ಕೊಂಡಿ ಹಾಕುವುದು. ಇಳಕಲ್ ಸೀರೆಯ ಮೈಯ ಹಾಸು ಒಂದು ಬಣ್ಣದ್ದು, ಸೆರಗಿನ ಹಾಸು ಕೆಂಪು. ಮೈಯ ಒಂದೊಂದು ಎಳೆಗೆ ಸೆರಗಿನ ಒಂದೊಂದು ಎಳೆಯನ್ನು ಕುಣಿಕೆ ಹಾಕಿ ಕೂಡಿಸಬೇಕು. ಸಾವಿರಾರು ಎಳೆ. ಅದೇ ಕೊಂಡಿ. ಅತ್ತೆ ಮದುವೆಯಾಗಿ ಬಂದ ಮರುವರ್ಷದಿಂದ ಆ ಕೆಲಸ ಮಾಡಿದವರು. ಅವರ ಕೊಂಡಿ ನಮ್ಮ ಮನೆಯ ಸೀರೆಗಳಲ್ಲಿ ಅಷ್ಟೇ ಅಲ್ಲ, ಅರ್ಧ ಓಣಿಯ ಸೀರೆಗಳಲ್ಲಿ ಇದೆ. ಆದರೆ ಕುಣಿಯೊಳಗೆ ಒಂದು ದಿನವೂ ಕಾಲಿಟ್ಟವರಲ್ಲ. ಯಾಕೆ ಎಂದು ಹೊಸದಾಗಿ ಬಂದಾಗ ನಾನೊಮ್ಮೆ ಕೇಳಿದ್ದೆ.

“ಯಾಕ ಅಂದ್ರ? ಹಂಗ ನಡಕೊಂಡ ಬಂದೈತಿ. ನಾ ಕುಣಿಯಾಗ ಇಳದ್ರ ಒಲಿ ಮ್ಯಾಲಿನ ಹಾಲು ನಿಮ್ಮ ಮಾವ ನೋಡ್ತಾರೇನು?” ಎಂದು ನಕ್ಕಿದ್ದರು. ಅಲ್ಲಿಗೆ ಆ ಮಾತು ಮುಗಿದಿತ್ತು.

ಅದು ಮತ್ತೆ ಏಳುವಂತೆ ಮಾಡಿದ್ದು ಒಂದು ಕೌದಿ.

ನನ್ನ ಅವ್ವ ಹಳೆಯ ಬಟ್ಟೆಯ ತುಂಡು ಜೋಡಿಸಿ ಕೌದಿ ಹೊಲಿಯುವವಳು. ಕುಣಿ ಮುಚ್ಚಿಸಿದ ಕೆಲವು ದಿನಕ್ಕೆ ನನ್ನ ಮಗಳಿಗೆಂದು ಒಂದು ಕೌದಿ ಹೊಲಿದು, ಗಂಟು ಕಟ್ಟಿ, ಬಾದಾಮಿಯಿಂದ ಬಸ್ಸಿನಲ್ಲಿ ಹೊತ್ತು ತಂದಿದ್ದಳು. ಬಂದವಳೇ ಗಂಟನ್ನು ಇಳಿಸುವ ಮೊದಲೇ ಶುರುಮಾಡಿದಳು: “ಬಸ್ಸಿನಾಗ ಹೆಣ್ಮಕ್ಕಳಿಗೆ ಫ್ರೀ ಮಾಡ್ಯಾರಲ್ಲ? ಆ ಕಂಡಕ್ಟರ್ ನನಗ ಫ್ರೀ ಕೊಟ್ಟು ಕೌದಿಗೆ ಟಿಕೆಟ್ ತಗೋ ಅಂತಾನ. ಕೌದಿನೂ ಹೆಣ್ಣ ಐತೋ ತಮ್ಮಾ, ನೋಡು, ಮೈತುಂಬ ಸೀರಿ ಉಟ್ಟೈತಿ ಅಂದೆ. ಬಸ್ಸಿಗೆ ಬಸ್ಸ ನಕ್ಕತು.”

ಕೌದಿ ನೋಡಲು ಅಕ್ಕಪಕ್ಕದವರು ಬಂದರು. ಅವ್ವ ಒಂದೊಂದು ತುಂಡಿನ ಮೇಲೂ ಬೆರಳಿಟ್ಟು ಇದು ನಮ್ಮವ್ವನ ಸೀರೆ, ಇದು ನನ್ನ ಸೀಮಂತದ್ದು, ಈ ಹಳದಿ ಮೂಲೆ ಇವಳು ಸಾಲೆಗೆ ಹಾಕಿಕೊಂಡು ಹೋಗಿ ಹರಿದುಕೊಂಡು ಬಂದ ಲಂಗ ಎಂದು ನನ್ನ ಮಾನವನ್ನೂ ಸೇರಿಸಿ ಹರವಿಟ್ಟಳು. ಆಮೇಲೆ ಅತ್ತೆಯ ಕಡೆ ತಿರುಗಿ, ಏನೂ ಕಪಟವಿಲ್ಲದೆ, “ಬೀಗತಿ, ಈಗ ನಿಮ್ಮ ಕೈದು ಒಂದು ತೋರಸ್ರಲ್ಲ,” ಎಂದಳು.

ಅತ್ತೆ ಒಳಗೆ ಹೋಗಿ ಟ್ರಂಕಿನಿಂದ ಒಂದು ಸೀರೆ ತಂದು ಸೆರಗು ಬಿಚ್ಚಿದರು.

“ಭಾಳ ಚಂದ ಐತ್ರಿ. ಆದ್ರ ಇದು ಬೀಗರು ನೇಯ್ದದ್ದಲ್ಲೇನು? ಇದರಾಗ ನಿಮ್ಮದು ಯಾವುದು?”

ಅತ್ತೆ ಸೀರೆಯ ಮೈ ಮುಗಿದು ಸೆರಗು ಹತ್ತುವ ಕಡೆ ಉಗುರಿನಿಂದ ಗೀರಿ ತೋರಿಸಿದರು. “ಇಲ್ಲಿ ನೋಡ್ರಿ. ಈ ಗೆರಿ.”

ಅವ್ವ ಚಾಳೀಸು ಹಾಕಿಕೊಂಡು ಬಗ್ಗಿದಳು. “ಎಲ್ಲೈತಿ?”

“ಇಲ್ಲೇ.”

“ಎಲ್ರಿ? ನನಗ ಕಾಣವಲ್ದು.”

“ಕಾಣಬಾರದ್ರೀ ಅಕ್ಕಾರ,” ಎಂದರು ಎದುರು ಮನೆಯವರು. “ಕಂಡ್ರ ಕೊಂಡಿ ಕೆಟ್ಟೈತಿ ಅಂತ ಅರ್ಥ.”

ಅಲ್ಲಿದ್ದವರೆಲ್ಲ ನಕ್ಕರು. ಅತ್ತೆಯೂ ನಕ್ಕರು. ಆದರೆ ಸಂಜೆ ನಾವಿಬ್ಬರೇ ಒಲೆಯ ಮುಂದೆ ಇದ್ದಾಗ ರೊಟ್ಟಿ ಬಡಿಯುವ ಕೈ ನಿಲ್ಲಿಸಿ ಹೇಳಿದರು: “ನಿಮ್ಮವ್ವ ಖರೇನ ಅಂದ್ಳು ನೋಡು. ನಾಳೆ ನಾ ಹೋದಮ್ಯಾಲ ನಿನ್ನ ಮಗಳು, ಇದು ನಮ್ಮ ಅಜ್ಜಿ ಮಾಡಿದ್ದು ಅಂತ ಏನ್ ತೋರಸ್ತಾಳ? ಕಾಣದ ಗೆರಿ? ಒಂದು, ಒಂದ ಒಂದು ನನ್ನ ಕೈದು ಬೇಕವಾ. ಇದನ್ನ ನಾ ನೇಯ್ದೇನಿ ಅಂತ ನಾಲ್ಕ್ ಮಂದಿ ಮುಂದ ಹಿಡಿಯುವಂಥಾದ್ದು.”

ಅವ್ವ ಊರಿಗೆ ಹೋದ ಮೇಲೆ ಊಟಕ್ಕೆ ಕೂತಾಗ ಅದನ್ನೇ ಎಲ್ಲರ ಮುಂದೆ ಹೇಳಿದರು. “ಕುಣಿ ಇದ್ದ ಜಾಗಾದಾಗ ಸೋಫಾ ಗೀಫಾ ಇಡಬ್ಯಾಡ್ರಿ. ನನಗೊಂದು ನಿಂತ ಮಗ್ಗ ಬೇಕು.”

“ನೇಯವ್ರು ಯಾರು?” ಮಾವ ಕೇಳಿದರು.

“ನಾ.”

“ನೀ?”

“ಯಾಕ, ನನಗ ಕೈ ಇಲ್ಲೇನು?”

“ಕೈ ಅದಾವ. ಕಾಲ್ ಎಲ್ಲಿ ಇಡ್ತಿ ನೋಡ್ತೇನಿ.”

“ನೋಡ್ರಿ, ಬೇಕಾದಷ್ಟು ನೋಡ್ರಿ. ಆದ್ರ ಮಗ್ಗ ಮುಟ್ಟಬಾರದು, ಬಾಯಿ ತೆಗೀಬಾರದು. ನೀವ್ ಒಂದ ಮಾತು ಹೇಳಿಕೊಟ್ರೂ ಅದು ನಿಮ್ಮದಾಗತೈತಿ, ನಂದಾಗಂಗಿಲ್ಲ.”

ಮಾವ ಒಂದು ತುತ್ತು ನುಂಗಿ, “ಆತು. ನನಗೇನ, ಪೇಪರ್ ಓದ್ತೇನಿ,” ಎಂದರು. ನನ್ನ ಗಂಡ ಒಮ್ಮೆ ಅಪ್ಪನ ಮುಖ, ಒಮ್ಮೆ ತನ್ನ ಅವ್ವನ ಮುಖ ನೋಡಿ, ಮರುದಿನವೇ ಬಡಿಗನಿಗೆ ಹೇಳಿ ಬಂದ.

ಏನು ನೇಯುವುದು ಎನ್ನುವುದನ್ನು ಅತ್ತೆ ಆಗಲೇ ಯೋಚಿಸಿ ಇಟ್ಟಿದ್ದರು. ಸೀರೆ ಬೇಡ, ಮೊದಲ ಸಲಕ್ಕೆ ಅದು ದೊಡ್ಡದು. ಒಂದು ಸ್ಕಾರ್ಫು. ಅದೂ ನಮ್ಮ ಅವ್ವನಿಗೇ. ಅವ್ವ ಬಾದಾಮಿಯಲ್ಲಿ ಬೆಳಗಿನ ಹೊತ್ತು ಕೆರೆಯ ದಂಡೆಗುಂಟ ತಿರುಗಾಡಲು ಹೋಗುತ್ತಾಳೆ. ಚಳಿಗಾಲದಲ್ಲಿ ಕಿವಿಗೆ ಗಾಳಿ ಹೊಡೆಯುತ್ತದೆಂದು ಸೆರಗು ಸುತ್ತಿಕೊಂಡು ಓಡಾಡುವವಳು. ನಡುವೆ ಕಪ್ಪು ನೀಲಿ, ಎರಡೂ ತುದಿಗೆ ಸೆರಗಿನ ಹಾಗೆ ಕೆಂಪು, ಕೆಂಪಿನ ಮೇಲೆ ಬಿಳಿಯ ಜೋಳದ ತೆನೆ. ಅತ್ತೆ ಫೋನಿನಲ್ಲಿ ಹೇಳಿದರು: “ಬೀಗತಿ, ಈ ಸಲ ನಿಮಗ ಚಾಳೀಸು ಬೇಕಾಗಂಗಿಲ್ಲ. ದೂರಿಂದನ ಕಾಣತೈತಿ.”

ನಮ್ಮ ಮನೆಯ ತೆನೆಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಸೆರಗಿನ ಮೇಲೆ ತೆನೆ ಹಾಕುವುದು ಇಳಕಲ್ಲಿಗೆಲ್ಲ ಇದೆ. ಮಾವನ ಕೈಯ ತೆನೆಗೆ ಮಾತ್ರ ಕೆಳಗೊಂದು ಗಿಡ್ಡ ದಂಟು ಇರುತ್ತಿತ್ತು, ಅವರ ಅಪ್ಪನಿಂದ ಬಂದದ್ದು. ಮೊದಲು ದಂಟು, ಆಮೇಲೆ ಅಗಲವಾದ ಹೊಟ್ಟೆ, ಕೊನೆಗೆ ಚೂಪು ತುದಿ. ಅತ್ತೆ ಆ ತೆನೆಯನ್ನೇ ಹಾಕುವವರಿದ್ದರು.

ಹಾಸು ಹೂಡಿ, ಕೊಂಡಿ ಹಾಕಿ ಮುಗಿಸಿದ್ದು ಬೇಗ. ಅದು ಅವರಿಗೆ ಹೂ ಕಟ್ಟಿದ ಹಾಗೆ. ಕಷ್ಟವಾದದ್ದು ಬೆಂಚಿನ ಮೇಲೆ ಕೂತ ಮೇಲೆ. ಬಲಗಾಲು ತುಳಿಯಬೇಕಾದಾಗ ಎಡಗಾಲು, ಲಾಳಿ ಒಗೆಯಬೇಕಾದಾಗ ಎಳೆ ಬಡಿಯುವ ಹಣಿಗೆ. ಎರಡು ಸಲ ಲಾಳಿ ಹಾರಿ ಬಂದು ಮಾವನ ಸ್ಟೂಲಿನ ಕೆಳಗೆ ಬಿತ್ತು. ಮಾವ ಅದನ್ನು ಎತ್ತಿಕೊಡಲಿಲ್ಲ, ಮುಟ್ಟಬಾರದಲ್ಲ. ಅತ್ತೆ ಇಳಿದು ಬಂದು, ಬಗ್ಗಿ, ಅವರ ಕಾಲ ಸಂದಿಯಿಂದ ಎತ್ತಿಕೊಂಡು ಹೋದರು. ಮೊದಲ ದಿನ ನೇಯ್ದದ್ದು ಮೂರು ಬೆರಳಿನಷ್ಟು, ಅದರಲ್ಲಿ ಎರಡು ಬೆರಳಿನಷ್ಟು ಬಿಚ್ಚಿದ್ದು.

ಮಾವನ ಕಷ್ಟ ಅದಕ್ಕಿಂತ ದೊಡ್ಡದು. ಅವರು ಅತ್ತೆಯ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು ಪೇಪರ್ ಹಿಡಿದು ಕೂಡುತ್ತಿದ್ದರು. ನಾನು ಹುನಗುಂದಕ್ಕೆ ಹೊರಡುವಾಗ ಯಾವ ಪುಟವೋ, ಸಂಜೆ ಬಂದಾಗಲೂ ಅದೇ ಪುಟ. ಅತ್ತೆ ತಪ್ಪು ತುಳಿದಾಗೆಲ್ಲ ಅವರ ಕೈಯ ಕೋಲು ನೆಲಕ್ಕೆ ಟಕ್ ಎನ್ನುತ್ತಿತ್ತು.

“ಕೋಲು ಮಾತಾಡಾಕತ್ತೈತಿ,” ಎಂದರು ಅತ್ತೆ, ತಿರುಗದೆ.

ಕೋಲು ಬಾಗಿಲ ಮೂಲೆ ಸೇರಿತು. ಮರುದಿನದಿಂದ ಕೆಮ್ಮು ಶುರುವಾಯಿತು.

“ಕೆಮ್ಮೂ ಬ್ಯಾಡ.”

“ಕೆಮ್ಮು ಬಂದ್ರ ಏನ್ ಮಾಡ್ಲಿ?”

“ಹೊರಗ ಹೋಗಿ ಕೆಮ್ಮರಿ.”

ಹೀಗೆ ಗಳಿಗೆಗೊಮ್ಮೆ ಮಾವ ಕೋಲೂರಿಕೊಂಡು ಹೊರಗೆ ಹೋಗಿ, ಕಟ್ಟೆಯ ಮೇಲೆ ನಿಂತು ಕೆಮ್ಮಿ, ಒಳಗೆ ಬರತೊಡಗಿದರು. ಎದುರು ಮನೆಯವರು ನಾಲ್ಕು ದಿನ ನೋಡಿ ನನ್ನನ್ನು ಕರೆದು, “ನಿಮ್ಮ ಮಾವಾರ್ನ ದವಾಖಾನಿಗೆ ತೋರಸ್ರವಾ, ಎದಿ ಕೆಟ್ಟಂಗ ಕಾಣತೈತಿ,” ಎಂದರು. ಎದೆಯಲ್ಲಿ ಹೇಳಲಾಗದ ಮಾತು ಸಿಕ್ಕಿಕೊಂಡಿದೆ ಎಂದು ಅವರಿಗೆ ಹೇಗೆ ಬಿಡಿಸಿ ಹೇಳಲಿ!

ಎರಡನೆಯ ವಾರಕ್ಕೆ ಅತ್ತೆಯ ಕೈಗೂ ಕಾಲಿಗೂ ರಾಜಿಯಾಯಿತು. ಆಫೀಸಿನಲ್ಲಿ ರಾಮಥಾಳದ ಕಡೆಯ ರೈತರ ನೀರಾವರಿ ಅರ್ಜಿಗಳನ್ನು ಜೋಡಿಸುತ್ತ ಕೂತಾಗಲೂ ನನ್ನ ಕಿವಿಯಲ್ಲಿ ಆ ಲಯ ಇರುತ್ತಿತ್ತು: ತುಳಿ, ಒಗೆ, ಬಡಿ. ಸಂಜೆ ಬಸ್ಸಿಳಿದು ಓಣಿಯ ತಿರುವಿಗೆ ಬಂದರೆ ಎಲ್ಲ ಮಗ್ಗಗಳ ಸದ್ದಿನ ನಡುವೆ ನಮ್ಮದು ಬೇರೆಯಾಗಿ ಕೇಳಿಸುತ್ತಿತ್ತು. ನಿಂತ ಮಗ್ಗವಲ್ಲವೇ, ಸ್ವಲ್ಪ ಟೊಳ್ಳು ಸದ್ದು. ಮೊದಲ ಕೆಂಪು ತುದಿಯಲ್ಲಿ ಏಳು ತೆನೆ ಸಾಲಾಗಿ ಎದ್ದು ನಿಂತವು. ಅತ್ತೆ ಒಂದೊಂದು ತೆನೆಗೂ ಬೆರಳಿನಿಂದ ಎಳೆ ಎತ್ತಿ, ಕಡ್ಡಿ ಸಿಗಿಸಿ, ಬಿಳಿ ರೇಷ್ಮೆ ತೂರಿಸುತ್ತಿದ್ದರು. ಹಾಗೆ ಮಾಡುವಾಗ ನಾಲಿಗೆಯ ತುದಿ ಹೊರಗೆ ಬಂದಿರುತ್ತಿತ್ತು, ಅಕ್ಷರ ತಿದ್ದುವ ಮಕ್ಕಳಂತೆ. ಆಮೇಲೆ ನಡುವಿನ ನೀಲಿ ಸರಸರ ಮುಗಿಯಿತು. ಮತ್ತೆ ಕೊಂಡಿ, ಮತ್ತೆ ಕೆಂಪು, ಮತ್ತೆ ಏಳು ತೆನೆ. ಎರಡನೆಯ ತುದಿಗೆ ಮಾವ ಒಂದು ಸಲವೂ ಕೆಮ್ಮಲಿಲ್ಲ. ಕೈ ಪಳಗಿತು, ಅದಕ್ಕೇ ಸುಮ್ಮನಿದ್ದಾರೆ ಎಂದುಕೊಂಡೆವು.

ಒಂದು ಭಾನುವಾರ ಬೆಳಿಗ್ಗೆ ಅತ್ತೆ ಸ್ಕಾರ್ಫನ್ನು ಮಗ್ಗದಿಂದ ಕೊಯ್ದು ಇಳಿಸಿದರು. ಕುಚ್ಚು ಕಟ್ಟಿ, ಕೊಡವಿ, “ತಗೋ, ನೀ ಮೊದ್ಲ ಹಾಕ್ಕೋ. ನಿಮ್ಮವ್ವನ ಕೊರಳಿಗೆ ಹೆಂಗ ಕಾಣತೈತಿ ನೋಡೂಣು,” ಎಂದು ನನ್ನ ಹೆಗಲಿಗೆ ಹಾಕಿದರು. ನಾನು ಎರಡೂ ತುದಿ ಮುಂದೆ ಇಳಿಬಿಟ್ಟುಕೊಂಡು ಅಲಮಾರಿಯ ಕನ್ನಡಿಯ ಮುಂದೆ ನಿಂತೆ.

ಬಲಗಡೆಯ ತೆನೆಗಳು ನೆಟ್ಟಗೆ ಮೇಲಕ್ಕೆ ನಿಂತಿದ್ದವು. ಎಡಗಡೆಯವು ತಲೆಕೆಳಗಾಗಿ ಜೋತಿದ್ದವು.

ಸ್ವಲ್ಪ ಹೊತ್ತು ನನಗೆ ಅರ್ಥವಾಗಲಿಲ್ಲ, ಆಮೇಲೆ ಆಯಿತು. ಸೀರೆಗೆ ಇರುವುದು ಒಂದೇ ಸೆರಗು. ಅಲ್ಲಿ ದಂಟಿನಿಂದ ಶುರುಮಾಡಿ ತುದಿಗೆ ಮುಗಿಸಿದರೆ ಸರಿ. ಸ್ಕಾರ್ಫಿಗೆ ಎರಡು ತುದಿ, ಎರಡೂ ಕೆಳಕ್ಕೆ ಇಳಿಬೀಳುತ್ತವೆ. ಎರಡನೆಯ ತುದಿಯಲ್ಲಿ ತೆನೆಯನ್ನು ತಿರುವಿ, ಚೂಪು ತುದಿಯಿಂದ ಶುರುಮಾಡಿ ದಂಟಿಗೆ ಮುಗಿಸಬೇಕಾಗಿತ್ತು. ಅತ್ತೆ ಅಲ್ಲಿಯೂ ದಂಟಿನಿಂದಲೇ ಶುರುಮಾಡಿದ್ದರು.

ಕನ್ನಡಿಯಲ್ಲಿ ಅತ್ತೆಯ ಮುಖ ನನ್ನ ಹೆಗಲ ಹಿಂದೆ ಕಾಣುತ್ತಿತ್ತು. ಅವರೂ ಕಂಡಿದ್ದರು. ಮಾವನ ಕಡೆ ತಿರುಗಿದರು.

“ನೀವ್ ನೋಡಿದ್ರೇನು?”

ಮಾವ ಗಂಟಲು ಸರಿಮಾಡಿಕೊಂಡರು. “ನೋಡಿದ್ದೆ. ಮೊದಲನೇ ತೆನಿಗೇ ನೋಡಿದ್ದೆ.”

“ಮತ್ತ ಹೇಳಬಾರದೇನು?”

“ಬಾಯಿ ತೆಗೀಬ್ಯಾಡ್ರಿ ಅಂದಾಕಿ ನೀನ. ಕೆಮ್ಮೂ ಬ್ಯಾಡ ಅಂದಿ.”

“ಏಳೂ ತೆನಿ ಮುಗಿಯೂತನಾ ನೋಡಕೋತ ಕುಂತ್ರಿ?”

ಅತ್ತೆ ನನ್ನ ಕೊರಳಿನಿಂದ ಸ್ಕಾರ್ಫ್ ಎಳೆದುಕೊಂಡು ನಾಲ್ಕು ಮಡಿಕೆ ಮಾಡಿ ಟ್ರಂಕಿನ ತಳಕ್ಕೆ ಹಾಕಿದರು. ಮಗ್ಗದ ಮೇಲೆ ಒಂದು ಹಳೆಯ ಸೀರೆ ಹೊದಿಸಿದರು. “ಕೊಂಡಿ ಹಾಕಾಕಿ ಕೊಂಡೀನ ಹಾಕ್ಬೇಕು,” ಎಂದು ಅಡುಗೆಮನೆಗೆ ಹೋದರು.

ಅಂದಿನಿಂದ ಮನೆ ಮೂಕವಾಯಿತು. ಅತ್ತೆ ಬಡಿಸುತ್ತಿದ್ದರು, ಮಾತ್ರೆ ಕೊಡುತ್ತಿದ್ದರು, ಮಾವನ ಕಾಲಿಗೆ ಎಣ್ಣೆ ಹಚ್ಚುತ್ತಿದ್ದರು, ಎಲ್ಲವೂ ಬಾಯಿ ಮುಚ್ಚಿಕೊಂಡೇ. ಬಾದಾಮಿಯಿಂದ ಅವ್ವ ಫೋನ್ ಮಾಡಿ, “ಏನಾತವಾ ನನ್ನ ಸ್ಕಾರ್ಪ? ಇಲ್ಲಿ ಥಂಡಿ ಮುಗಿಯಾಕ ಬಂತು,” ಎಂದರೆ ನಾನು ಏನೋ ಒಂದು ಹೇಳಿ ತಪ್ಪಿಸುತ್ತಿದ್ದೆ. “ಹಾಳಾಗೈತಿ ಅಂತ ಹೇಳಿಬಿಡು. ನಂದು ಅಂತ ಹಿಡಿಯಾಕ ಹೋಗಿದ್ದೆ, ನಾಚಿಗ್ಗೇಡು,” ಎಂದರು ಅತ್ತೆ. ಹಾಗೆ ಹೇಳಲು ನನಗೆ ಮನಸ್ಸು ಬರಲಿಲ್ಲ.

ಆ ವಾರ ಮಾವನ ಕಾಲು ತೋರಿಸಲು ಬಾಗಲಕೋಟೆಗೆ ಹೋಗಬೇಕಿತ್ತು. ಗಂಡನಿಗೆ ರಜೆ ಸಿಗಲಿಲ್ಲ, ನಾನೇ ಕರೆದುಕೊಂಡು ಹೋದೆ. ಡಾಕ್ಟರು ಕಾಲು ಮಡಿಸಿ ಬಿಡಿಸಿ ನೋಡಿ ಚೆನ್ನಾಗಿದೆ ಎಂದರು. ಬರುವಾಗ ಬಸ್ಸಿನಲ್ಲಿ ಮಾವ ಕಿಟಕಿಯ ಪಕ್ಕ ಕೂತು ಬಹಳ ಹೊತ್ತು ಹೊರಗೆ ನೋಡಿದರು.

“ಒಂದ ಮಾತು ಹೇಳ್ಲೇನವಾ?” ಎಂದರು ಆಮೇಲೆ. “ನಾ ನೋಡಿರ್ಲಿಲ್ಲ.”

“ಏನ್ರಿ ಮಾವಾರ?”

“ಆ ತೆನಿ. ಅಕಿ ಬೆನ್ನ ಹಿಂದ ಕುಂತಿದ್ದೆ. ಒಂದೊಂದು ಎಳಿ ನೋಡಾಕತ್ತಿದ್ದೆ. ತಪ್ಪಂತ ನನಗೂ ತಿಳೀಲಿಲ್ಲ. ಕನ್ನಡಿ ಮುಂದ ನೀ ನಿಂತಾಗ ತಿಳೀತು.”

“ಮತ್ತ ಮೊದಲನೇ ತೆನಿಗೇ ನೋಡಿದ್ದೆ ಅಂದ್ರಿ?”

“ಜಲಮಾ ಎಲ್ಲಾ ನೇಯ್ದಾಂವ, ಅಕಿ ಮುಂದ ಗೊತ್ತಾಗ್ಲಿಲ್ಲ ಅಂತ ಹೆಂಗ ಅನ್ಲಿ?”

ನನಗೆ ನಗು ಬಂತು, ಸಿಟ್ಟೂ ಬಂತು. “ನೀವ ನೇಯ್ದಿದ್ರ ಏನ್ ಮಾಡ್ತಿದ್ರಿ?”

“ನಾ ನೇಯ್ದಿದ್ರೂ ಹಂಗ ನೇಯ್ತಿದ್ದೆ. ದಂಟು ಮೊದ್ಲು, ತುದಿ ಕಡೀಕ. ಕೈಗೆ ಇನ್ನೊಂದು ಗೊತ್ತಿಲ್ಲವಾ.”

“ಇದನ್ನ ಅತ್ತಿಗೆ ಹೇಳ್ರಿ.”

“ನೀ ಹೇಳು.”

“ನಾ ಹೇಳೂದಿಲ್ರಿ. ನಾ ಹೇಳಿದ್ರ ಅವ್ರು ಮಗ್ಗದ ಮ್ಯಾಲಿನ ಅರಿವಿ ತೆಗಿಯೂದಿಲ್ಲ.”

ಮಾವ ಮತ್ತೆ ಕಿಟಕಿಯ ಕಡೆ ತಿರುಗಿದರು. ಅಮೀನಗಡದಲ್ಲಿ ಬಸ್ಸು ನಿಂತಾಗ ನನ್ನ ಮೊಣಕೈ ಮುಟ್ಟಿ, “ಇಳದು ಅರ್ಧ ಕಿಲೋ ಕರದಂಟು ತಗೊಂಡ ಬಾ. ಗೋಡಂಬಿ ಜಾಸ್ತಿ ಇರೂದು,” ಎಂದರು. ಕರದಂಟು ಅತ್ತೆಗೆ ಪ್ರಾಣ. ಮಾವ ಹೇಳುತ್ತಾರೆ ಎಂದು ನನಗೆ ಆಗ ಧೈರ್ಯ ಬಂತು.

ಮನೆಗೆ ಬಂದು ಪೊಟ್ಟಣವನ್ನು ಅತ್ತೆಯ ಕೈಗೆ ಕೊಡದೆ ಮಗ್ಗದ ಬೆಂಚಿನ ಮೇಲಿಟ್ಟು ತಮ್ಮ ಕುರ್ಚಿಯಲ್ಲಿ ಕೂತರು.

“ಇದೇನು ವಿಶೇಷ?” ಎಂದರು ಅತ್ತೆ. ನಾಲ್ಕು ದಿನದಲ್ಲಿ ಮಾವನ ಜೊತೆ ಅವರ ಮೊದಲ ಮಾತು.

“ಕಾಲ್ ಚಲೋ ಐತಿ ಅಂದ್ರು.” ಮಾವ ಕೋಲಿನ ಹಿಡಿಕೆ ತಿರುವಿದರು. “ಆ ಸ್ಕಾರ್ಪ ತಾ ಇಲ್ಲಿ.”

ಅತ್ತೆ ಕದಲಲಿಲ್ಲ. ನಾನೇ ಟ್ರಂಕಿನಿಂದ ತೆಗೆದು ತಂದುಕೊಟ್ಟೆ. ಮಾವ ಅದನ್ನು ತೊಡೆಯ ಮೇಲೆ ಹರವಿ, ಒಂದು ತುದಿಯ ತೆನೆಗಳ ಮೇಲೆ ಹೆಬ್ಬೆರಳು ಆಡಿಸಿದರು, ಇನ್ನೊಂದು ತುದಿಯ ಮೇಲೂ ಆಡಿಸಿದರು.

“ನಾ ಸುಳ್ಳ ಹೇಳೇನಿ,” ಎಂದರು.

“ಯಾವಾಗ?”

“ಯಾವಾಗ ಅಂದ್ರ? ಈ ಸಲ.” ಅತ್ತೆ ಅಲ್ಲಿಯೂ ಬಿಡಲಿಲ್ಲವಲ್ಲ ಎಂದು ಮಾವ ಒಮ್ಮೆ ನನ್ನ ಮುಖ ನೋಡಿ ಮುಂದುವರಿಸಿದರು. “ಈ ತಪ್ಪ ನಾ ನೋಡಿರ್ಲಿಲ್ಲ. ನೋಡಿದ್ರ ಕೆಮ್ಮದ ಬಿಡ್ತಿದ್ನೇನು?”

ಅತ್ತೆ ಬಾಗಿಲಿಗೆ ಒರಗಿ ನಿಂತರು.

“ನಾ ಕುಂತಿದ್ರೂ ಇದನ್ನ ಮಾಡ್ತಿದ್ದೆ. ನಮ್ಮಪ್ಪ ಕುಂತಿದ್ರೂ ಇದನ್ನ ಮಾಡ್ತಿದ್ದ. ಬರೇ ಕೊಂಡಿ ಹಾಕಾವ್ರು ಮಾಡ್ತಿದ್ದಿಲ್ಲ, ಅವ್ರು ಕುಂತು ವಿಚಾರ ಮಾಡಿ ತಿರುವಿ ಹಾಕ್ತಿದ್ರು. ಇದು ನೇಕಾರರ ತಪ್ಪು. ನಿನ್ನ ಕೈ ವಿಚಾರ ಮಾಡಿಲ್ಲ, ನೇಯ್ದೈತಿ.”

ಅತ್ತೆ ಬಂದು ಬೆಂಚಿನ ಮೇಲೆ ಕೂತರು, ಕರದಂಟಿನ ಪೊಟ್ಟಣ ಪಕ್ಕಕ್ಕೆ ಸರಿಸಿದರು.

“ಅಂಚು?” ಎಂದು ಕೇಳಿದರು.

“ಎಡಗಡೆ ಸಡ್ಲ ಆಗೈತಿ. ನಡುವ ನೀಲಿ ಹತ್ತಿದಲ್ಲಿ. ಹಣಿಗಿ ಇನ್ನೊಂದೀಟು ಬಿಗಿ ಬಡೀಬೇಕಿತ್ತು, ಮತ್ತ ಆ ಎರಡನೇ ತೆನಿ ಹೊಟ್ಟಿ…”

“ಸಾಕು ಸಾಕು. ಒಂದ ಕೇಳಿದ್ರ ನಾಲ್ಕ್ ಹೇಳ್ತೀರಿ,” ಎಂದರು ಅತ್ತೆ. ಆದರೆ ಅಷ್ಟರಲ್ಲಿ ಅವರ ಕೈ ಮಗ್ಗದ ಮೇಲಿನ ಹಳೆಯ ಸೀರೆಯನ್ನು ಎಳೆಯುತ್ತಿತ್ತು.

ಬಿಚ್ಚಿ ಮತ್ತೆ ನೇಯುವ ಮಾತು ಯಾರೂ ಎತ್ತಲಿಲ್ಲ. ಮುಂದಿನ ಶನಿವಾರ ಅತ್ತೆಯನ್ನು ಕರೆದುಕೊಂಡು ಬಾದಾಮಿಗೆ ಹೋದೆ. ದಾರಿಯುದ್ದಕ್ಕೂ ಅವರು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಎರಡು ಕೈಯಿಂದ ಹಿಡಿದಿದ್ದರು. ಅವ್ವ ನೀರು ಕೊಡುವ ಮೊದಲೇ ಚೀಲಕ್ಕೆ ಕೈ ಹಾಕಿದಳು. ಸ್ಕಾರ್ಫ್ ಕೊರಳಿಗೆ ಹಾಕಿಕೊಂಡು ಎರಡೂ ತುದಿ ಇಳಿಬಿಟ್ಟು ಕೆಳಗೆ ನೋಡಿದಳು. ಅತ್ತೆ ತಾವೇ ಹೇಳಿಬಿಟ್ಟರು: “ತಪ್ಪಾಗೈತ್ರಿ. ಒಂದು ಕಡೆ ತೆನಿ ತಲಿಕೆಳಗ ಆಗ್ಯಾವ.”

“ತಪ್ಪೆಲ್ಲಿ ಐತಿ?” ಅವ್ವ ಬಲಗಡೆಯ ತುದಿ ಎತ್ತಿ ತೋರಿಸಿದಳು. “ಇದು ಹೊಲದಾಗ ನಿಂತ ಬೆಳಿ.” ಎಡಗಡೆಯ ತುದಿ ಎತ್ತಿದಳು. “ಇದು ಬೀಜಕ್ಕಂತ ಜಂತಿಗೆ ತೂಗಹಾಕಿದ್ದು. ನಮ್ಮಪ್ಪನ ಮನಿಯಾಗ ಹಿಂಗ ಇರ್ತಿತ್ತು ನೋಡ್ರಿ.”

ಅತ್ತೆ ಆ ದಿನ ಬಹಳ ನಕ್ಕರು. ಸಂಜೆ ಅವ್ವ ಅವರನ್ನು ಕರೆದುಕೊಂಡು ಬನಶಂಕರಿಗೆ ಹೋಗಿ ಬಂದಳು, ಸ್ಕಾರ್ಫ್ ಹಾಕಿಕೊಂಡೇ. ಗುಡಿಯ ಮುಂದೆ ರೊಟ್ಟಿ ಬುಟ್ಟಿ ಇಟ್ಟುಕೊಂಡು ಕೂತವರಿಗೂ ಹೊಂಡದ ಮೆಟ್ಟಿಲ ಮೇಲಿದ್ದವರಿಗೂ, ಕೇಳಿದವರಿಗೂ ಕೇಳದವರಿಗೂ, ನಮ್ಮ ಬೀಗತಿ ನೇಯ್ದದ್ದು ಎಂದು ತೋರಿಸಿದಳಂತೆ. “ನಿಮ್ಮವ್ವಗ ಬಾಯಿ ಭಾಳ,” ಎಂದು ಅತ್ತೆ ನನ್ನ ಹತ್ತಿರ ದೂರಿದರು, ಎರಡು ಮೂರು ಸಲ.

ಯುಗಾದಿ ಕಳೆದ ಮೇಲೆ ಒಂದು ದಿನ ನೇಕಾರರ ಪಟ್ಟಿ ಬರೆದುಕೊಳ್ಳುವ ಹುಡುಗಿಯೊಬ್ಬಳು ಓಣಿಗೆ ಬಂದಳು. ಅವತ್ತು ರಜೆ ಇದ್ದುದರಿಂದ ನಾನೂ ಮನೆಯಲ್ಲಿದ್ದೆ. ಅವಳು ಬಾಗಿಲಲ್ಲಿ ನಿಂತು, ಕುರ್ಚಿಯಲ್ಲಿದ್ದ ಮಾವನನ್ನು ನೋಡಿ, ಮೊಬೈಲ್ ತೆರೆದು ಕೇಳಿದಳು: “ಅಜ್ಜಾರ, ಈ ಮನಿಯಾಗ ನೇಯವ್ರು ನೀವಲ್ರಿ? ಹೆಸರು ಹೇಳ್ರಿ.”

“ನಾ ಬಿಟ್ಟೇನವಾ,” ಎಂದರು ಮಾವ. “ನೇಯಾಕಿ ಒಳಗ ರೊಟ್ಟಿ ಬಡ್ಯಾಕತ್ತಾಳ. ತಡಿ, ಕರೀತೇನಿ.”

ಅತ್ತೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ತಮ್ಮ ಹೆಸರು ಹೇಳಿದರು. ಹುಡುಗಿ ಬರೆದುಕೊಂಡು ಮುಂದಿನ ಮನೆಗೆ ಹೋದಳು.